ಪಾತ್ರೆ ಹಿಂದಿರುಗುವ ದಾರಿ



ಬೆಂಗಳೂರಿನಂಥ ಮಹಾನಗರಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ದಿನಸಿ ಅಂಗಡಿಗಳು ಕಾಣಿಸಿಕೊಂಡಿವೆ. ಅಕ್ಕಿ, ಬೇಳೆ, ಮೆಣಸು, ಜೀರಿಗೆ, ಪಾತ್ರೆ ತೊಳೆಯುವ ದ್ರಾವಣ ಎಲ್ಲವೂ ಅಲ್ಲಿ ದೊರೆಯುತ್ತವೆ. ಪೊಟ್ಟಣ ಮಾತ್ರ ದೊರೆಯುವುದಿಲ್ಲ. ಗ್ರಾಹಕರು ಮನೆಯಿಂದಲೇ ಡಬ್ಬಿ, ಬಾಟಲಿ, ಬಟ್ಟೆಯ ಚೀಲಗಳನ್ನು ತರುತ್ತಾರೆ. ಮೊದಲು ಬರಿಯ ಡಬ್ಬಿಯನ್ನು ತೂಗಿ ಅದರ ತೂಕವನ್ನು ಗುರುತಿಸಲಾಗುತ್ತದೆ. ಗೋಡೆಗೆ ಜೋಡಿಸಿದ ಪಾರದರ್ಶಕ ಕೊಳವೆಯ ಹಿಡಿಯನ್ನು ಅದುಮಿದರೆ ಬೇಳೆ ತಾನಾಗಿ ಡಬ್ಬಿಗೆ ಇಳಿಯುತ್ತದೆ. ಮತ್ತೆ ತೂಗಿ, ಡಬ್ಬಿಯ ತೂಕವನ್ನು ಕಳೆದು, ಉಳಿದುದಕ್ಕೆ ಹಣ ಪಡೆಯುತ್ತಾರೆ. ಇವುಗಳಿಗೆ ಮರುಭರ್ತಿ ಅಂಗಡಿ, ಅಂದರೆ ರೀಫಿಲ್ ಅಂಗಡಿ ಎಂದು ಹೆಸರು. ಕಸವನ್ನೇ ಹುಟ್ಟಿಸದ ವ್ಯಾಪಾರ ಎಂಬುದು ಇವುಗಳ ಧ್ಯೇಯ.

ಮಲೆನಾಡಿನ ಹಿರಿಯರೊಬ್ಬರು ಈ ಅಂಗಡಿಯನ್ನು ಹೊಕ್ಕರೆ ಅವರಿಗೆ ಅಚ್ಚರಿಗಿಂತ ನಗುವೇ ಬಂದೀತು. ಸಂತೆಗೆ ಕೈಚೀಲ ಒಯ್ಯುವುದು, ಎಣ್ಣೆಗೆ ಬಾಟಲಿ, ಸೀಮೆಎಣ್ಣೆಗೆ ಡಬ್ಬ ಹಿಡಿದು ನಡೆಯುವುದು, ಜೋನಿಬೆಲ್ಲವನ್ನು ಡಬ್ಬದಲ್ಲೇ ತಂದು ಬರಿದಾದ ಡಬ್ಬವನ್ನು ಮರುವರ್ಷಕ್ಕೆ ತೊಳೆದಿಡುವುದು ಅವರ ಪಾಲಿಗೆ ಹೊಸತೇನಲ್ಲ. ಸೇರು, ಪಾವುಗಳ ಕಾಲದಲ್ಲಿ ಕಸರಹಿತ ಖರೀದಿಗೆ ಹೆಸರೇ ಇರಲಿಲ್ಲ; ಏಕೆಂದರೆ ಬೇರೆ ಬಗೆಯ ಖರೀದಿ ಇರಲಿಲ್ಲ.

ಆದರೆ ಈ ನಗು ಬಹಳ ಹೊತ್ತು ಉಳಿಯುವಂಥದ್ದಲ್ಲ. ಅದೇ ಹಿರಿಯರ ಊರಿನ ಗೂಡಂಗಡಿಯಲ್ಲಿ ಇಂದು ಕಣ್ಣಿಗೆ ಮೊದಲು ಬೀಳುವುದು ತೋರಣದಂತೆ ತೂಗುವ ಪೊಟ್ಟಣಗಳ ಸಾಲು. ಶಾಂಪೂ, ಕುರುಕಲು ತಿಂಡಿ, ಮಸಾಲೆ, ಬಟ್ಟೆಯ ಪುಡಿ ಎಲ್ಲವೂ ಅಂಗೈಯಗಲದ ಹೊಳೆಯುವ ಹಾಳೆಯೊಳಗೆ ಸೇರಿವೆ. ನಗರವು ಬಹಳಷ್ಟು ಹಣ ತೆತ್ತು ಮರಳಿ ಕಟ್ಟಲು ಹೆಣಗುತ್ತಿರುವುದನ್ನೇ ಗ್ರಾಮವು ಸದ್ದಿಲ್ಲದೆ ಕಳೆದುಕೊಳ್ಳುತ್ತಿದೆ. ಈ ವೈಚಿತ್ರ್ಯವನ್ನು ಕುರಿತು ಗಂಭೀರವಾಗಿ ಯೋಚಿಸಬೇಕಾದ ಕಾಲವಿದು.

ಪೊಟ್ಟಣ ಬಂದುದೇಕೆ?

ಪೊಟ್ಟಣವನ್ನು ದೂಷಿಸುವ ಮುನ್ನ ಅದು ಬಂದ ಕಾರಣವನ್ನು ಅರಿಯುವುದು ನ್ಯಾಯ. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನಿಂದ ಹೊರಟ ಚಿಕ್ ಶಾಂಪೂವಿನ ಸಣ್ಣ ಪೊಟ್ಟಣ ಹಳ್ಳಿಹಳ್ಳಿಗಳನ್ನು ತಲುಪಿತು. ದಿನಗೂಲಿಯವರಿಗೆ ಇಡೀ ಬಾಟಲಿ ಕೊಳ್ಳುವಷ್ಟು ಹಣ ಒಮ್ಮೆಗೇ ಕೈಯಲ್ಲಿರದು. ಒಂದು ದಿನಕ್ಕೆ ಬೇಕಾದುದನ್ನು ಒಂದು ದಿನದ ದುಡಿಮೆಯಲ್ಲಿ ಕೊಳ್ಳುವ ಅವಕಾಶವನ್ನು ಪೊಟ್ಟಣ ಒದಗಿಸಿತು. ಆಷಾಢದ ಮಳೆಯಲ್ಲಿ ಉಪ್ಪು ನೀರಾಗುವ, ಹಪ್ಪಳ ಮೆತ್ತಗಾಗುವ ಮಲೆನಾಡಿನಲ್ಲಿ ತೇವ ತಾಗದ ಪೊಟ್ಟಣ ಉಪಕಾರಿಯೇ ಆಗಿತ್ತು.

ನಂಬಿಕೆಯ ಪ್ರಶ್ನೆಯೂ ಇತ್ತು. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಗಿಡದ, ಅಂದರೆ ಆರ್ಜಿಮೋನ್‌ನ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ಸೇವಿಸಿ 60ಕ್ಕೂ ಹೆಚ್ಚು ಜನ ಅಸುನೀಗಿದರು; ಸಾವಿರಾರು ಜನ ಜಲೋದರದಂಥ ಊತದಿಂದ ನರಳಿದರು. ಆ ದುರಂತದ ಬಳಿಕ ಬಿಡಿ ಎಣ್ಣೆಯ ಮಾರಾಟದ ಮೇಲೆ ಕಾನೂನಿನ ಹಿಡಿತ ಬಿಗಿಯಾಯಿತು. ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲಿಯೂ, ರಾಜ್ಯ ಸರ್ಕಾರ ವಿನಾಯಿತಿ ನೀಡಿದ ಹೊರತು ಖಾದ್ಯತೈಲವನ್ನು ಬಿಡಿಯಾಗಿ ಮಾರುವಂತಿಲ್ಲ ಎಂಬ ನಿರ್ಬಂಧವಿದೆ. ಎಂದರೆ, ಮೊಹರು ಹಾಕಿದ ಪೊಟ್ಟಣವು ಕಲಬೆರಕೆಯ ಭಯಕ್ಕೆ ದೊರೆತ ಉತ್ತರವೂ ಹೌದು. ಬಿಡಿ ಸರಕನ್ನು ಮರಳಿ ತರಬೇಕೆನ್ನುವವರು ಆ ಭಯವನ್ನು ಹಗುರಾಗಿ ಕಾಣಬಾರದು.

ಎರಡು ನಗರಗಳ ಪಾಠ

ಪೊಟ್ಟಣವಿಲ್ಲದ ಅಂಗಡಿಯನ್ನು ಇಂದಿನ ರೂಪದಲ್ಲಿ ಮೊದಲು ಕಟ್ಟಲು ಹೊರಟವರಲ್ಲಿ ಲಂಡನ್ನಿನ ಕ್ಯಾಥರಿನ್ ಕಾನ್ವೇ ಒಬ್ಬರು. 2006ರಲ್ಲಿ ಅವರು ಸಂತೆಯ ಮಳಿಗೆಯೊಂದರಿಂದ 'ಅನ್‌ಪ್ಯಾಕೇಜ್ಡ್' ಎಂಬ ವ್ಯಾಪಾರವನ್ನು ಆರಂಭಿಸಿದರು. ಅನಂತರ ಅದು ಅಂಗಡಿಯಾಗಿ ಬೆಳೆಯಿತು. ಬಳಿಕ ಹ್ಯಾಕ್ನಿ ಎಂಬ ಬಡಾವಣೆಯ ದೊಡ್ಡ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಆದರೆ ಆ ದೊಡ್ಡ ಅಂಗಡಿ ಹೆಚ್ಚು ಕಾಲ ಬಾಳಲಿಲ್ಲ. ಕಾನ್ವೇ ಅವರು ಧ್ಯೇಯವನ್ನು ಕೈಬಿಡದೆ, ಇತರ ದೊಡ್ಡ ಅಂಗಡಿಗಳೊಳಗೆ ಮರುಭರ್ತಿಯ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯಕ್ಕೆ ತೊಡಗಿದರು.

2014ರಲ್ಲಿ ಬರ್ಲಿನ್ ನಗರದಲ್ಲಿ ಮಿಲೆನಾ ಗ್ಲಿಂಬೋವ್‌ಸ್ಕಿ ಮತ್ತು ಸಾರಾ ವೋಲ್ಫ್ ಎಂಬಿಬ್ಬರು ತರುಣಿಯರು 'ಒರಿಜಿನಲ್ ಉನ್‌ಫರ್‌ಪಾಕ್ಟ್' ಎಂಬ ಅಂಗಡಿಯನ್ನು ತೆರೆದರು. ಜನರಿಂದಲೇ ಸಣ್ಣ ಸಣ್ಣ ಮೊತ್ತಗಳಾಗಿ 1 ಲಕ್ಷ ಯೂರೋಗೂ ಅಧಿಕ ದೇಣಿಗೆ ಕೂಡಿತ್ತು. ಜರ್ಮನಿಯ ಉದ್ದಗಲಕ್ಕೂ ಅಂಥ ಅಂಗಡಿಗಳು ಹುಟ್ಟಿಕೊಂಡವು. ಆದರೆ 2020ರಲ್ಲಿ ಕೊರೋನಾ ಬಂದಾಗ ಬಿಡಿ ಸರಕನ್ನು ಮುಟ್ಟಲು ಜನ ಅಂಜಿದರು. 2022ರಲ್ಲಿ ಯುಕ್ರೇನಿನ ಯುದ್ಧದ ಬೆನ್ನಲ್ಲೇ ಬೆಲೆಗಳು ಏರಿದಾಗ ಅಗ್ಗದ ಅಂಗಡಿಗಳತ್ತ ಸರಿದರು. ಆ ವರ್ಷ ಬರ್ಲಿನ್ನಿನ ಆ ಅಂಗಡಿಯೇ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಬೇರೆ ಹಲವು ಅಂಗಡಿಗಳೂ ಬಾಗಿಲು ಮುಚ್ಚಿದವು.

ಇವರ ಶ್ರಮದಲ್ಲಿ ಲೋಪವಿತ್ತೆಂದು ಹೇಳಲಾಗದು. ಅವರಿಗೆ ಎದುರಾದ ತೊಡಕುಗಳು ಯಾವುವು? ಅಂಗಡಿ ನಗರಕ್ಕೊಂದೋ ಎರಡೋ ಇದ್ದರೆ ಅಲ್ಲಿಗೆ ದೂರದಿಂದ ವಾಹನದಲ್ಲಿ ಬರಬೇಕು; ಉಳಿಸಿದ ಪ್ಲಾಸ್ಟಿಕ್ಕಿನ ಪುಣ್ಯವನ್ನು ಸುಟ್ಟ ಪೆಟ್ರೋಲು ನುಂಗುತ್ತದೆ. ಡಬ್ಬಿ ಮರೆತು ಬಂದವರು ಹೊಸ ಡಬ್ಬಿ ಕೊಳ್ಳುತ್ತಾರೆ. ಮನೆಯಲ್ಲಿ ಗಾಜಿನ ಭರಣಿಗಳೂ ಬಟ್ಟೆಯ ಚೀಲಗಳೂ ತುಂಬಿಕೊಳ್ಳುತ್ತವೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ಲೆಕ್ಕ ಹಿಡಿದರೂ ಸಾಮಾನ್ಯ ಹತ್ತಿಯ ಚೀಲವನ್ನು ಸುಮಾರು 50 ಬಾರಿ ಬಳಸಿದರೆ ಮಾತ್ರ ಅದು ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸರಿದೂಗುತ್ತದೆ. ಹೊಸ ಚೀಲವನ್ನು ಕೊಳ್ಳುವುದರಲ್ಲಿ ಪರಿಸರಸೇವೆಯಿಲ್ಲ. ಹಳೆಯದನ್ನು ಹರಿಯುವ ತನಕ ಬಳಸುವುದರಲ್ಲಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು. ಈ ಅಂಗಡಿಗಳು ಗ್ರಾಹಕರ ಸದ್ಗುಣವನ್ನು ನೆಚ್ಚಿ ನಿಂತಿದ್ದವು. ಸದ್ಗುಣಕ್ಕೆ ಬಿಡುವೂ ಹಣವೂ ಬೇಕು. ಬೆಲೆಯೇರಿದಾಗ, ರೋಗ ಬಂದಾಗ, ಮಳೆ ಸುರಿದಾಗ ಅದು ಸೋಲುತ್ತದೆ.

ಸದ್ಗುಣವಲ್ಲ, ವ್ಯವಸ್ಥೆ

ಹಾಗಾದರೆ ಮರುಭರ್ತಿ ಎಂಬುದು ಅಸಾಧ್ಯವೇ? ಖಂಡಿತ ಅಲ್ಲ. ಭಾರತದ ಅತಿ ವಿಸ್ತಾರವಾದ ಮರುಭರ್ತಿ ವ್ಯವಸ್ಥೆ ಪ್ರತಿ ಅಡುಗೆಮನೆಯ ಮೂಲೆಯಲ್ಲಿಯೇ ನಿಂತಿದೆ. ಅದು ಅಡುಗೆ ಅನಿಲದ ಸಿಲಿಂಡರು. ಬರಿದಾದ ಸಿಲಿಂಡರನ್ನು ಯಾರೂ ಹೊಳೆಗೆ ಎಸೆಯುವುದಿಲ್ಲ. ಅದನ್ನು ಹಿಂದಿರುಗಿಸುವವರು ಪರಿಸರಪ್ರೇಮಿಗಳೇ ಆಗಿರಬೇಕೆಂದಿಲ್ಲ. ಅದಕ್ಕೊಂದು ಠೇವಣಿ ಇದೆ. ತುಂಬಿದ್ದನ್ನು ತಂದವರೇ ಬರಿದಾದುದನ್ನು ಒಯ್ಯುತ್ತಾರೆ. ಗೋಲಿಸೋಡಾದ ಬಾಟಲಿ ಊರೂರು ಸುತ್ತಿ ಕಾರ್ಖಾನೆಗೆ ಮರಳುತ್ತಿದ್ದುದೂ ಹೀಗೆಯೇ. ಪಾತ್ರೆಗೆ ಹಿಂದಿರುಗುವ ದಾರಿಯೊಂದು ಇದ್ದರೆ ಜನ ಅದನ್ನು ಹಿಂದಿರುಗಿಸುತ್ತಾರೆ, ದಾರಿಯಿಲ್ಲದಿದ್ದರೆ ಎಸೆಯುತ್ತಾರೆ. ಇಡೀ ವಿಷಯದ ತಿರುಳು ಇಷ್ಟೇ.

ಇದಕ್ಕೆ ಪಶ್ಚಿಮಘಟ್ಟದ ನೆರೆಯಲ್ಲಿಯೇ ನಿದರ್ಶನವುಂಟು. ನೀಲಗಿರಿಯ ಕಾಡಂಚಿನಲ್ಲಿ ಎಸೆದ ಮದ್ಯದ ಬಾಟಲಿಗಳ ಚೂರುಗಳು ಆನೆ ಮೊದಲಾದ ವನ್ಯಜೀವಿಗಳ ಕಾಲನ್ನು ಸೀಳುತ್ತಿದ್ದವು. ಈ ಸಂಗತಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಾಲಯದ ನಿರ್ದೇಶನದಂತೆ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಾಗಿ ಪಡೆದು, ಬರಿದಾದ ಬಾಟಲಿಯನ್ನು ತಂದವರಿಗೆ ಆ ಹಣವನ್ನು ಮರಳಿಸತೊಡಗಿದವು. ಬಹುಪಾಲು ಬಾಟಲಿಗಳು ಹಿಂದಿರುಗಿದವು. ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಬಾಟಲಿ ಪಡೆದು ಕೂಡಿಡುವ ಹೊರೆ ತಮ್ಮ ಮೇಲೆ ಬಿದ್ದಿತೆಂದು ಅಂಗಡಿಯ ನೌಕರರು ಆಕ್ಷೇಪಿಸಿದ್ದೂ ನಿಜ. ಯಾವ ವ್ಯವಸ್ಥೆಯಲ್ಲಿಯೂ ಯಾರೋ ಒಬ್ಬರು ಹೆಚ್ಚಿನ ಕೆಲಸ ಮಾಡಬೇಕಾಗುತ್ತದೆ. ಅವರ ಕೂಲಿಯನ್ನು ಮರೆತ ಯೋಜನೆ ಬಾಳದು. ಆದರೆ ಉಪದೇಶ ಮಾಡಲಾಗದುದನ್ನು 10 ರೂಪಾಯಿ ಮಾಡಿ ತೋರಿಸಿತು.

ಪೊಟ್ಟಣ ಹೋಗುವುದೆಲ್ಲಿಗೆ?

ಹಿಂದಿರುಗುವ ದಾರಿಯಿಲ್ಲದ ಪೊಟ್ಟಣಗಳ ಗತಿಯೇನು? ಬೆಂಗಳೂರು ತನ್ನ ಕಸವನ್ನು ಹಳ್ಳಿಗಳಿಗೆ ಸಾಗಿಸಿತು. ಮಾವಳ್ಳಿಪುರದ ಜನ ಸಿಡಿದೆದ್ದು, 2012ರಲ್ಲಿ ಅಲ್ಲಿನ ಸುರಿತ ನಿಂತಾಗ ನಗರದ ಬೀದಿಗಳಲ್ಲಿಯೇ ಕಸ ಕೊಳೆಯಿತು. ಮಂಡೂರಿನ ಜನರ ದೀರ್ಘ ಹೋರಾಟದ ಫಲವಾಗಿ 2014ರ ಕೊನೆಯಲ್ಲಿ ಅಲ್ಲಿಗೂ ಲಾರಿಗಳು ನಿಂತವು. ನಗರದ ಕೊಳ್ಳುವ ಬಗೆ ಬದಲಾಗದಿದ್ದರೆ ಅದರ ಬೆಲೆಯನ್ನು ಯಾವುದೋ ಒಂದು ಹಳ್ಳಿ ತೆರುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಮಲೆನಾಡಿನ ಒಂಟಿ ಮನೆಗಳ ಸ್ಥಿತಿ ಬೇರೆ. ಗುಡ್ಡದ ಮೇಲೊಂದು, ಕಣಿವೆಯಲ್ಲೊಂದು ಮನೆಯಿರುವಲ್ಲಿ ಕಸದ ಗಾಡಿ ಬಾಗಿಲಿಗೆ ಬರುವುದು ದುರ್ಲಭ. ಪೊಟ್ಟಣವು ಬಚ್ಚಲೊಲೆಗೆ ಸೇರುತ್ತದೆ. ಇಲ್ಲವೇ ತೋಟದ ಬದುವಿಗೆ, ಅಲ್ಲಿಂದ ಮೊದಲ ಮಳೆಗೆ ಹಳ್ಳಕ್ಕೆ. ಬಚ್ಚಲೊಲೆಯ ಹೊಗೆಯನ್ನು ಮೊದಲು ಉಸಿರಾಡುವವರು ಬೆಳಗ್ಗೆ ಎದ್ದು ಬೆಂಕಿ ಹಾಕುವ ಹೆಂಗಸರು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ ಆ ಹೊಳೆಯುವ ಹಾಳೆಯನ್ನು ಬೇರ್ಪಡಿಸುವುದು ಕಷ್ಟ. ಗುಜರಿಯವರೂ ಅದನ್ನು ಕೊಳ್ಳುವುದಿಲ್ಲ.

ಕಾನೂನುಗಳು ಬಂದಿಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ತಡೆಯಿತು. ಆದರೆ ಶಾಂಪೂವಿನ, ಕುರುಕಲು ತಿಂಡಿಯ ಪೊಟ್ಟಣಗಳು ಆ ಪಟ್ಟಿಗೆ ಸೇರಲಿಲ್ಲ. ಸಂತೆಯ ತರಕಾರಿಯವಳ ಚೀಲಕ್ಕೆ ದಂಡ ಬಿದ್ದಿತು. ಗೂಡಂಗಡಿಯ ತೋರಣ ಹಾಗೆಯೇ ತೂಗುತ್ತಿದೆ.

ಉಳಿದುದನ್ನು ಉಳಿಸುವ ಹೊಣೆ

ಈ ಹಿನ್ನೆಲೆಯಲ್ಲಿ ಮಲೆನಾಡಿಗೆ ನಗರದ ಮರುಭರ್ತಿ ಅಂಗಡಿಯ ನಕಲು ಬೇಕಾಗಿಲ್ಲ. ಇಲ್ಲಿ ಇನ್ನೂ ಉಳಿದಿರುವುದನ್ನು ಉಳಿಸಿಕೊಳ್ಳುವ ಎಚ್ಚರ ಬೇಕಾಗಿದೆ. ವಾರದ ಸಂತೆ ಉಳಿದಿದೆ. ಗೋಣಿಯಿಂದ ಅಕ್ಕಿ ಅಳೆದು ಕೊಡುವ ಅಂಗಡಿಗಳು ಅಲ್ಲಲ್ಲಿ ಉಳಿದಿವೆ. ಪಡಿತರದ ಅಕ್ಕಿಗೆ ಇಂದಿಗೂ ಜನ ಮನೆಯ ಚೀಲವನ್ನೇ ಒಯ್ಯುತ್ತಾರೆ. ಹಾಲಿನ ಸಂಘಕ್ಕೆ ಕ್ಯಾನಿನಲ್ಲಿ ಹಾಲು ಹೊತ್ತು ಹೋಗುವ ಊರುಗಳಿವೆ. ಕ್ಯಾನು ಪ್ರತಿದಿನ ಮನೆಗೆ ಮರಳುತ್ತದೆ. ಅದೇ ಹಾಲು ನಗರದಿಂದ ಪೊಟ್ಟಣವಾಗಿ ಅದೇ ಊರಿನ ಅಂಗಡಿಗೆ ಬಂದರೆ ಆ ಪೊಟ್ಟಣ ಮರಳುವುದಿಲ್ಲ.

ತೆರಿಗೆಯ ಲೆಕ್ಕವೂ ಇಲ್ಲಿ ನೆನೆಯತಕ್ಕದ್ದು. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇಕಡಾ 5ರಷ್ಟು ಜಿಎಸ್‌ಟಿ ವಿಧಿಸಲಾಯಿತು; ಬಿಡಿಯಾಗಿ ತೂಗಿ ಕೊಡುವುದಕ್ಕೆ ಆ ತೆರಿಗೆ ತಗಲಲಿಲ್ಲ. ಬಿಡಿ ಸರಕು ಬಡವರ ಪಾಲಿಗೆ ದುಬಾರಿಯಾಗಲೇಬೇಕೆಂದಿಲ್ಲ ಎಂಬುದಕ್ಕೆ ಇದೊಂದು ಸೂಚನೆ.

ಕೃಷಿ ಸಹಕಾರಿ ಸಂಘಗಳು ಈ ಕಾರ್ಯಕ್ಕೆ ಅತ್ಯಂತ ಸೂಕ್ತ. ಗೋದಾಮು, ತಕ್ಕಡಿ, ಲೆಕ್ಕದ ಪುಸ್ತಕ, ಎಲ್ಲಕ್ಕೂ ಮಿಗಿಲಾಗಿ ಊರಿನ ನಂಬಿಕೆ ಅವುಗಳಲ್ಲಿದೆ. ಮಳೆಗಾಲಕ್ಕೆ ಬಿಗಿಮುಚ್ಚಳದ ದೊಡ್ಡ ಡ್ರಮ್ಮುಗಳು, ಸರಕು ಎಲ್ಲಿಂದ ಯಾವಾಗ ಬಂದಿತೆಂದು ಬರೆದ ಹಲಗೆ, ಬರಿಯ ಡಬ್ಬಿಯನ್ನು ಮೊದಲು ತೂಗುವ ಶಿಸ್ತು, ಇಷ್ಟಿದ್ದರೆ ಬೇಳೆ, ಸಕ್ಕರೆ, ಸಾಂಬಾರ ಪದಾರ್ಥಗಳಿಂದ ಆರಂಭಿಸಬಹುದು. ಎಣ್ಣೆಯ ವಿಷಯದಲ್ಲಿ ಕಾನೂನನ್ನು ಮೀರದೆ ನಡೆಯಬೇಕು. ಕಾಲು ಕಿಲೋ ಕೇಳಿದವರಿಗೂ ಕಿಲೋವಿನ ದರದಲ್ಲೇ ಕೊಡುವುದು ಮುಖ್ಯ. ಏಕೆಂದರೆ ಪೊಟ್ಟಣ ಗೆದ್ದದ್ದು ಸಣ್ಣ ಮೊತ್ತದಲ್ಲಿ ಕೊಳ್ಳುವ ಬಡವರನ್ನು ಗೌರವಿಸಿ. ಆ ಗೌರವವನ್ನು ಬಿಡಿ ಸರಕೂ ಸಲ್ಲಿಸಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ಒಂದು ವಾರ ತಮ್ಮ ಮನೆಗೆ ಬಂದ ಪೊಟ್ಟಣಗಳನ್ನು ಸುಡದೆ ಕೂಡಿಟ್ಟು, ಅವುಗಳಲ್ಲಿ ಯಾವ ಸರಕು ತಮ್ಮ ಊರಿನಲ್ಲಿಯೇ ಬಿಡಿಯಾಗಿ ಸಿಗುತ್ತಿತ್ತು ಎಂದು ಎಣಿಸಿ ಸಂಘದ ಮುಂದಿಡಬಹುದು. ಆ ಲೆಕ್ಕ ಯಾವ ಭಾಷಣಕ್ಕಿಂತಲೂ ಹೆಚ್ಚು ಮಾತನಾಡೀತು. ಓದಿಗೋ ಉದ್ಯೋಗಕ್ಕೋ ಬೆಂಗಳೂರು ಸೇರುವ ತರುಣರು ಅಲ್ಲಿನ ಮರುಭರ್ತಿ ಅಂಗಡಿಯನ್ನು ಹೊಕ್ಕಾಗ, ಹೊಳೆಯುವ ಹೊಸ ಭರಣಿಯನ್ನು ಕೊಳ್ಳುವ ಬದಲು ಊರಿನಿಂದ ಉಪ್ಪಿನಕಾಯಿ ತುಂಬಿ ತಂದ ಹಳೆಯ ಬಾಟಲಿಯನ್ನೇ ತೊಳೆದು ಮುಂದಿಡಲಿ.

ಬರ್ಲಿನ್ನಿನ ತರುಣಿಯರು ಪಾತ್ರೆಗೆ ದಾರಿಯನ್ನು ಹೊಸತಾಗಿ ಕಡಿಯಬೇಕಾಯಿತು. ಮಲೆನಾಡಿನಲ್ಲಿ ಆ ದಾರಿ ಇನ್ನೂ ಮುಚ್ಚಿಲ್ಲ. ಹುಲ್ಲು ಬೆಳೆದಿದೆ, ಅಷ್ಟೇ. ಕಾಲುದಾರಿಯನ್ನು ಉಳಿಸುವ ಉಪಾಯ ಗುಡ್ಡದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ದಿನವೂ ನಡೆಯುತ್ತಿರಬೇಕು.