ವಾದ್ಯ ಮುಟ್ಟದ ದಿನಗಳು



ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ವಾಪಸು ಕಳಿಸಿದ ನಾಡು ನಮ್ಮದು. ತಂಬೂರಿಗೂ ಹಾಗೇ ಹೇಳುವ ಶಿಷ್ಯರಿದ್ದಾರೆ. ಅವರನ್ನು ಸೋಮಾರಿಗಳೆಂದು ಬೈಯುವುದು ಸುಲಭ. ನನ್ನ ತಕರಾರು ಬೈಯುವವರ ಮೇಲಲ್ಲ, ಅಳೆಯುವವರ ಮೇಲೆ.

ಸಂಗೀತಾಭ್ಯಾಸದ ಅಧ್ಯಯನ ಗಡಿಯಾರದ ಕೈಗೆ ಸಿಕ್ಕಿ ಕೆಟ್ಟಿತು. ಮನಶ್ಶಾಸ್ತ್ರಜ್ಞ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದದ್ದರಲ್ಲಿ ಲೋಕಕ್ಕೆ ನೆನಪುಳಿದದ್ದು ಹತ್ತು ಸಾವಿರ ಗಂಟೆ. ಚೆನ್ನಾಗಿ ನುಡಿಸುವವರು ಹೆಚ್ಚು ನಿದ್ದೆ ಮಾಡುತ್ತಿದ್ದರು, ಮಧ್ಯಾಹ್ನವೂ ಒಂದು ಜೊಂಪು ತೆಗೆಯುತ್ತಿದ್ದರು ಎಂದು ಅದೇ ಲೇಖನದಲ್ಲಿದೆ. ಅದನ್ನು ಯಾವ ಪಾಠಶಾಲೆಯೂ ಗೋಡೆಗೆ ಅಂಟಿಸಲಿಲ್ಲ. 

ವಾದ್ಯ ಮುಟ್ಟದೆಯೂ ಅಭ್ಯಾಸ ನಡೆಯುತ್ತದೆ ಎನ್ನಲು ನರವಿಜ್ಞಾನಿ ಪಾಸ್ಕುವಲ್-ಲಿಯೋನೆ ತಂಡದ 1995ರ ಪ್ರಯೋಗವನ್ನು ಹೇಳಿಬಿಡುತ್ತೇನೆ. ಐದು ದಿನ, ದಿನಕ್ಕೆರಡು ಗಂಟೆ, ಪಿಯಾನೋ ಮುಂದೆ ಕುಳಿತು ಬೆರಳಾಡಿಸದೆ ಮನಸ್ಸಿನಲ್ಲೇ ನುಡಿಸಿದವರ ಮಿದುಳಿನಲ್ಲೂ ಬೆರಳುಗಳ ನಕ್ಷೆ ಹಿಗ್ಗಿತ್ತು. ನುಡಿತವೇನೋ ನಿಜವಾಗಿ ನುಡಿಸಿದವರ ಮೂರನೇ ದಿನದ ಮಟ್ಟದಲ್ಲಿತ್ತು. ಆದರೆ ಆಮೇಲೆ ಎರಡೇ ಗಂಟೆ ವಾದ್ಯ ಮುಟ್ಟಿ ಹೆಚ್ಚುಕಡಿಮೆ ಸರಿಗಟ್ಟಿದರು.

ನಮ್ಮ ಬೆಳಗಾವಿ ಸೀಮೆಯ ಕುಮಾರ ಗಂಧರ್ವರು ಕ್ಷಯ ತಗಲಿ ದೇವಾಸದಲ್ಲಿ ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆಯಲ್ಲೇ ಮಾಳ್ವದ ಜನಪದ ಹಾಡು ಕೇಳುತ್ತಿದ್ದರು. 1953ರಲ್ಲಿ ಮತ್ತೆ ಕಛೇರಿಗೆ ಬಂದಾಗ ಹಾಡಿಕೆಯೇ ಬೇರೆಯಾಗಿತ್ತು. ಅದು ಮುಂದೂಡಿಕೆಯಲ್ಲ, ವೈದ್ಯರ ಅಪ್ಪಣೆ, ಒಪ್ಪುತ್ತೇನೆ. ಆದರೂ ಗಡಿಯಾರದ ಲೆಕ್ಕದಲ್ಲಿ ಆ ವರ್ಷಗಳಿಗೆ ಸೊನ್ನೆ!

ಹಾಗಾದರೆ ಕಳ್ಳಾಟ ಯಾವುದು, ಮನನ ಯಾವುದು? ವಾರವಿಡೀ ವೀಣೆ ಮುಟ್ಟದ ಇಬ್ಬರಿಗೆ ಒಮ್ಮೆ ಒಂದೇ ಪ್ರಶ್ನೆ ಹಾಕಿದೆ: ಭೈರವಿ ಅಟತಾಳ ವರ್ಣದಲ್ಲಿ ಎಲ್ಲಿ ಎಡವುತ್ತೀಯ? ಹುಡುಗ “ಎಲ್ಲಾ ಸರಿ ಇದೆ ಮೇಷ್ಟ್ರೇ, ತಂತಿ ಬದಲಾಯಿಸಬೇಕು ಅಷ್ಟೆ” ಅಂದ. ಹುಡುಗಿ ತಾಳ ಹಾಕಿಕೊಂಡು ಬಾಯಲ್ಲೇ ಸ್ವರ ಹೇಳುತ್ತ ಹೋಗಿ, ಎರಡನೇ ಕಾಲದಲ್ಲಿ, ಮೂರನೇ ಎತ್ತುಗಡೆ ಸ್ವರದ ನಡುವೆ ನಿಂತಳು. “ಇಲ್ಲಿ.” ಅವನು ತಪ್ಪಿಸಿಕೊಂಡಿದ್ದ, ಇವಳು ವಾರವೆಲ್ಲ ಮನಸ್ಸಿನಲ್ಲೇ ನುಡಿಸಿದ್ದಳು ಎಂದುಕೊಂಡೆ. ಆಮೇಲೆ ವೀಣೆ ಕೊಟ್ಟೆ. ಸರಿಯಾಗಿ ಅಲ್ಲೇ ಎಡವಿದಳು.

ನನ್ನನ್ನು ಬಿಡದೆ ಕಾಡುವುದು ಇದೇ. ಅವಳ ಮನಸ್ಸು ತಪ್ಪನ್ನು ಪತ್ತೆ ಹಚ್ಚಿತ್ತೋ, ವಾರವಿಡೀ ತಪ್ಪನ್ನೇ ಸಾಧಕ ಮಾಡಿ ಗಟ್ಟಿಗೊಳಿಸಿತ್ತೋ? ಭಯದಲ್ಲಿ ಮುಂದೂಡುವವರು ಒಳಗೊಳಗೇ ನುಡಿಸುವುದು ಕೃತಿಯನ್ನಲ್ಲ, ಸೋಲನ್ನು ಎಂದಾದರೆ ನನ್ನ ವಾದದ ಅರ್ಧ ಬಿದ್ದುಹೋಗುತ್ತದೆ. ಲಯವಾದ್ಯದವರಿಗೆ ಈ ಕಾಟ ಕಡಿಮೆ ಎಂಬುದು ನನ್ನ ಅನಿಸಿಕೆ. ಬಸ್ಸಿನಲ್ಲಿ ಕೋರ್ವೆ ಲೆಕ್ಕ ತಪ್ಪಿದರೆ ಸಮದಲ್ಲೇ ಗೊತ್ತಾಗುತ್ತದೆ. ಗಮಕ ತಪ್ಪಿದರೆ ಮನಸ್ಸಿಗೆ ಹೇಳುವವರು ಯಾರು?

ಮಧ್ಯಾಹ್ನ ಪ್ರಬಂಧ ಮಂಡಿಸುವವರು ಗಂಟೆಗಳ ಕೋಷ್ಟಕ ತಂದಿರುತ್ತೀರಿ, ಬೇಡವೆನ್ನುವುದಿಲ್ಲ. ಇನ್ನೊಂದು ಕಾಲಂ ಸೇರಿಸಿ. ವಾದ್ಯ ಮುಟ್ಟದ ದಿನ ಒಳಗೆ ಏನು ಕೇಳುತ್ತಿತ್ತು, ಎಲ್ಲಿ ನಿಂತಿತು, ಗುರುವಿನ ಮುಂದೆ ಕುಳಿತಾಗ ಆ ಜಾಗ ದಾಟಿತೋ ಇಲ್ಲವೋ. ಹತ್ತು ಜನರದ್ದು ಸಿಕ್ಕರೂ ಜಗಳ ಮುಂದುವರಿಸಬಹುದು.