ನಲವತ್ತು ದಿನಗಳ ಸರದಿ



ಮೈಸೂರಿನ ಪಡುವಣ ದಿಕ್ಕಿನಲ್ಲಿ, ಕುಕ್ಕರಹಳ್ಳಿಯ ಕೆರೆಯನ್ನೂ ಮಾನಸಗಂಗೋತ್ರಿಯನ್ನೂ ಹಿಂದೆ ಬಿಟ್ಟು ಗದ್ದಿಗೆಯ ಕಡೆಗೆ ಹೋಗುವ ದಾರಿಯಲ್ಲಿ ಬೋಗಾದಿ ಎಂಬ ಊರುಂಟು. ಹಿಂದೆ ಅದು ಹೊಲಗದ್ದೆಗಳ ನಡುವಣ ಹಳ್ಳಿ. ಈಗ ಬಡಾವಣೆಯ ಪಕ್ಕದಲ್ಲಿ ಬಡಾವಣೆ ಎದ್ದು, ಹಳ್ಳಿ ಎಲ್ಲಿ ಮುಗಿಯಿತು, ನಗರ ಎಲ್ಲಿ ಮೊದಲಾಯಿತು ಎಂಬುದನ್ನು ಹೇಳುವುದೇ ಕಷ್ಟವಾಗಿದೆ. ಆ ಕಡೆಯ ಒಂದು ಚಿಕ್ಕ ಕ್ರೈಸ್ತಸಭೆಗೆ ನಾವು ಸೇರಿದವರು. ಸಭೆಯೆಂದರೆ ಇಲ್ಲಿ ಭಾಷಣದ ಸಭೆಯಲ್ಲ. ಆರಾಧನೆಗೆ ಒಂದೆಡೆ ಕೂಡುವ ಮನೆಗಳ ಸಮುದಾಯ. ಒಟ್ಟು ಮೂವತ್ತೊಂದು ಮನೆ. ವಿಶ್ರಾಂತಿವೇತನ ಪಡೆಯುವ ಅಧಿಕಾರಿಗಳು, ಉಪಾಧ್ಯಾಯರು, ಆಸ್ಪತ್ರೆಯ ದಾದಿಯರು, ಗಾರೆಕೆಲಸದವರು, ಹೀಗೆ ಎಲ್ಲ ತರದವರೂ ಇದ್ದಾರೆ. ಕೆಲವರ ಮನೆಮಾತು ಕನ್ನಡ, ಕೆಲವರದು ತಮಿಳು, ಕೆಲವರದು ತೆಲುಗು, ಕರಾವಳಿಯಿಂದ ಬಂದವರದು ತುಳು. ವರ್ಷದ ಉಳಿದ ದಿನಗಳಲ್ಲಿ ಇವರು ಭಾನುವಾರ ಮುಖ ಕಂಡು, ಕುಶಲ ಕೇಳಿ, ಬೇರೆಯಾಗುವವರು. ನಲವತ್ತು ದಿನಗಳ ಒಂದು ಕಾಲದಲ್ಲಿ ಮಾತ್ರ ಇವರು ದಿನದಿನವೂ ಕೂಡುತ್ತಾರೆ. ಆ ಕಾಲದ ವಿಷಯವಾಗಿ ಈ ಸಂಜೆ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ಕಾಲಕ್ಕೆ ನಮ್ಮ ನಾಡಿನ ಕಥೋಲಿಕರು ತಪಸ್ಸುಕಾಲವೆಂದು ಹೆಸರಿಟ್ಟಿದ್ದಾರೆ. ಬಹಳ ಒಪ್ಪುವ ಹೆಸರು. ಪ್ರಾಟೆಸ್ಟಂಟರ ಬಾಯಲ್ಲಿ ಲೆಂಟ್ ಎಂಬ ಇಂಗ್ಲಿಷ್ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಆ ಮಾತಿನ ಮೂಲಾರ್ಥ ವಸಂತ ಋತು. ಚಳಿದೇಶಗಳಲ್ಲಿ ಹಗಲು ಉದ್ದವಾಗುತ್ತ ಬರುವ ಕಾಲಕ್ಕೆ ಅಲ್ಲಿನವರು ಇಟ್ಟ ಹೆಸರದು. ವಸಂತವೂ ವ್ರತವೂ ಒಟ್ಟಿಗೆ ಬರುವುದು ನಮಗೆ ಹೊಸತಲ್ಲ. 2025ನೆಯ ಇಸವಿಯ ಪಂಚಾಂಗವನ್ನು ತೆರೆದು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಆ ವರ್ಷ ಫೆಬ್ರವರಿ 26ರಂದು ಮಹಾಶಿವರಾತ್ರಿ. ಮಾರ್ಚಿ 2ರಂದು ಮುಸಲ್ಮಾನರ ರಂಜಾನ್ ಉಪವಾಸದ ಆರಂಭ. ಮಾರ್ಚಿ 5ರಂದು ಕ್ರೈಸ್ತರ ಬೂದಿ ಬುಧವಾರ. ಎಂಟು ದಿನಗಳ ಅವಧಿಯಲ್ಲಿ ಮೂರು ಧರ್ಮದವರೂ ಒಂದೇ ಬೀದಿಯಲ್ಲಿ ಹಸಿದು ಕುಳಿತರು. ಒಬ್ಬರ ಹಸಿವು ಇನ್ನೊಬ್ಬರಿಗೆ ತಿಳಿದಿತ್ತೋ ಇಲ್ಲವೋ, ಅದು ಬೇರೆಯ ಪ್ರಶ್ನೆ.

ಲೆಕ್ಕದ ಮಾತನ್ನೂ ಹೇಳಿಬಿಡೋಣ. ಮಾರ್ಚಿ 21ರಂದಾಗಲಿ ಅದರ ಅನಂತರವಾಗಲಿ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರ ಈಸ್ಟರ್, ಎಂದರೆ ಪುನರುತ್ಥಾನದ ಹಬ್ಬ. ಬೂದಿ ಬುಧವಾರದಿಂದ ಆ ಹಬ್ಬದ ಮುನ್ನಾದಿನದವರೆಗೆ ಎಣಿಸಿದರೆ ನಲವತ್ತಾರು ದಿನಗಳಾಗುತ್ತವೆ. ಭಾನುವಾರ ಪ್ರತಿವಾರವೂ ಪುನರುತ್ಥಾನದ ಸ್ಮರಣೆಯ ದಿನವಾದುದರಿಂದ ಆ ದಿನ ಉಪವಾಸ ಸಲ್ಲದು. ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು ನಲವತ್ತು. ಯೇಸು ಅರಣ್ಯದಲ್ಲಿ ಉಪವಾಸವಿದ್ದ ದಿನಗಳೂ ನಲವತ್ತೇ. ಕ್ರಿ. ಶ. 325ರ ನೈಸೀಯ ಪರಿಷತ್ತಿನ ನಿಯಮಗಳಲ್ಲಿಯೇ ಈ ನಲವತ್ತರ ಕಾಲದ ಉಲ್ಲೇಖ ದೊರೆಯುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಜಯಘೋಷ ಮಾಡುತ್ತ ಹಿಡಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚುವುದು ಪದ್ಧತಿ. ಹೋದ ವರ್ಷದ ಜಯಘೋಷ ಈ ವರ್ಷದ ಬೂದಿ. ಮನುಷ್ಯನ ಗರ್ವವನ್ನು ಇಳಿಸುವುದಕ್ಕೆ ಇದಕ್ಕಿಂತ ಸರಳವಾದ ಉಪಾಯ ಬೇಕಿಲ್ಲ.

ಉಪವಾಸದ ವಿಷಯದಲ್ಲಿ ಕ್ರೈಸ್ತರೆಲ್ಲರೂ ಏಕಾಭಿಪ್ರಾಯದವರಲ್ಲ. ಕಥೋಲಿಕರಲ್ಲಿ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಒಂದೇ ಹೊತ್ತು ತುಂಬ ಉಣ್ಣತಕ್ಕದ್ದೆಂದೂ, ಈ ಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ಬಿಡತಕ್ಕದ್ದೆಂದೂ ವಿಧಿಯುಂಟು. ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳ ಮುಂದೆ ನಿಂತು ಅವರು ಧ್ಯಾನ ಮಾಡುತ್ತಾರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿಭಾರವನ್ನಿಟ್ಟ ಸಂತ ಫಿಲೋಮಿನಾ ದೇವಾಲಯದ ಎರಡು ಗೋಪುರಗಳನ್ನು ಮೈಸೂರಿನಲ್ಲಿ ನೋಡದವರಿಲ್ಲ. ಆದರೆ ಈ ನಲವತ್ತು ದಿನಗಳಲ್ಲಿ ಅದರೊಳಗೆ ನಡೆಯುವುದನ್ನು ನಮ್ಮ ನೆರೆಹೊರೆಯವರಲ್ಲಿ ಬಲ್ಲವರು ಕೆಲವರೇ. ಪ್ರಾಟೆಸ್ಟಂಟರ ಕಥೆ ಬೇರೆ. 1522ರಲ್ಲಿ, ಇದೇ ಉಪವಾಸದ ದಿನಗಳಲ್ಲಿ, ಜ್ಯೂರಿಕ್ ನಗರದ ಮುದ್ರಕನೊಬ್ಬನ ಮನೆಯಲ್ಲಿ ಕೆಲವರು ಬೇಕೆಂದೇ ಮಾಂಸದ ತುಣುಕುಗಳನ್ನು ತಿಂದರು. ಅಲ್ಲಿನ ಮತಸುಧಾರಣೆ ಆ ತುಣುಕುಗಳ ಜಗಳದಿಂದಲೇ ಬಲಗೊಂಡಿತು. ಹೊಟ್ಟೆಯ ನಿಯಮದಿಂದ ಪುಣ್ಯ ಸಂಪಾದನೆಯಾಗದು ಎಂಬುದು ಅವರ ವಾದ. ವಾದವೇನೋ ಸರಿಯೇ. ಆದರೆ ನಿಯಮವನ್ನು ಬಿಟ್ಟವನು ಅದರ ಹಿಂದಿನ ತತ್ತ್ವವನ್ನು ಹಿಡಿದಿದ್ದಾನೆಯೆ ಎಂದು ಕೇಳಿದರೆ ನಮ್ಮಂಥವರು ಉತ್ತರ ಹೇಳಲು ತಡವರಿಸಬೇಕಾಗುತ್ತದೆ.

ಬೋಗಾದಿಯ ಕಡೆಯ ನಮ್ಮ ಸಭೆಯಲ್ಲಿ ನಡೆದುಬಂದಿರುವುದು ಮನೆಕೂಟದ ಪದ್ಧತಿ. ಬೂದಿ ಬುಧವಾರದಂದೂ ಪವಿತ್ರ ವಾರದ ಆರು ದಿನಗಳಲ್ಲಿಯೂ ಗುಡಿಯಲ್ಲಿ ಆರಾಧನೆ. ಉಳಿದ ಮೂವತ್ತಮೂರು ಸಂಜೆಗಳಲ್ಲಿ ದಿನಕ್ಕೊಂದು ಮನೆಯ ಸರದಿ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಬಂದು ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ಮೊದಲು ಹಾಡು. ನಮ್ಮ ಹಾಡಿನ ಪುಸ್ತಕದಲ್ಲಿ ಪಾಶ್ಚಾತ್ಯ ಮಟ್ಟುಗಳೂ ಉಂಟು, ನಮ್ಮ ರಾಗತಾಳಗಳ ಕೀರ್ತನೆಗಳೂ ಉಂಟು. ಹಿರಿಯರು ಕೀರ್ತನೆಯನ್ನು ಕೇಳುತ್ತಾರೆ, ಹುಡುಗರು ಮತ್ತೊಂದನ್ನು ಬೇಡುತ್ತಾರೆ, ಎರಡೂ ನಡೆಯುತ್ತವೆ. ಆಮೇಲೆ ಯೇಸುವಿನ ಕೊನೆಯ ದಿನಗಳ ಚರಿತ್ರೆಯಲ್ಲಿ ಒಂದು ಭಾಗದ ಪಠನ, ಸಭಾಪಾಲಕರ ಚಿಕ್ಕ ವಿವರಣೆ, ಪ್ರಾರ್ಥನೆ. ಕೆಲವು ಸಂಜೆ ಕಾವ್ಯವಾಚನವೂ ಆಗುತ್ತದೆ. ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದವರು ನಿಘಂಟುಕಾರರಾದ ಕಿಟ್ಟೆಲರು. ಅವರ 'ಕಥಾಮಾಲೆ' ಅಚ್ಚಾದುದು 1862ರಲ್ಲಿ. ಶಿಲುಬೆಯ ದಿನವನ್ನೇ ವಸ್ತುವಾಗಿ ಮಾಡಿಕೊಂಡು ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ'ವನ್ನು ಬರೆದರು. ಪೈಗಳು ಕ್ರೈಸ್ತರಲ್ಲ; ಆದರೂ ಆ ಸಂಕಟವನ್ನು ಅವರು ನಮ್ಮವರ ಸಂಕಟವೆಂಬಂತೆ ಕಂಡರು. ಕನ್ನಡ ಕ್ರೈಸ್ತರು ಈ ಉಪಕಾರವನ್ನು ಮರೆಯುವ ಹಾಗಿಲ್ಲ.

ಇಷ್ಟರವರೆಗೆ ಎಲ್ಲವೂ ಚೆನ್ನ. ತೊಡಕು ಬಂದುದು ಪ್ರಾರ್ಥನೆಯಾದ ಮೇಲಿನ ಫಲಾಹಾರದಿಂದ. ಮೊದಲಲ್ಲಿ ಕೊಡುತ್ತಿದ್ದುದು ಒಂದು ಲೋಟ ಕಾಫಿ, ಅಷ್ಟೆ. ಒಂದು ಮನೆಯವರು ಜೊತೆಗೆ ಬಿಸ್ಕತ್ತು ಇಟ್ಟರು. ಮರುದಿನದ ಮನೆಯಲ್ಲಿ ಉಪ್ಪಿಟ್ಟಾಯಿತು. ಅದರ ಮುಂದಿನ ಮನೆಯಲ್ಲಿ ಉಪ್ಪಿಟ್ಟಿನ ಜೊತೆಗೆ ಕೇಸರಿಭಾತು. ಯಾರೂ ಜಂಬಕ್ಕೆಂದು ಮಾಡಿದವರಲ್ಲ. ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಗೃಹಿಣಿಯರ ಒಳ್ಳೆಯ ಮನಸ್ಸೇ ಇದಕ್ಕೆ ಕಾರಣ. ಆದರೆ ಒಳ್ಳೆಯ ಮನಸ್ಸು ಮನೆಯಿಂದ ಮನೆಗೆ ಬೆಳೆಯುತ್ತ ಹೋಗಿ, ಕೆಲವೇ ವರ್ಷಗಳಲ್ಲಿ ಉಪವಾಸದ ಕಾಲವೆಂಬುದು ವರ್ಷದಲ್ಲಿ ನಾವು ಅತ್ಯಂತ ಚೆನ್ನಾಗಿ ತಿನ್ನುವ ಕಾಲವಾಗಿ ಪರಿಣಮಿಸಿತು. ನಾವೂ ತಟ್ಟೆಯನ್ನು ಹಿಂದಕ್ಕೆ ತಳ್ಳಿದವರಲ್ಲ.

ಮನೆಗಳ ಸರದಿಪಟ್ಟಿಯನ್ನು ಬರೆಯುವ ಕೆಲಸ ನಮ್ಮದು. ಕಾಲೇಜಿನಲ್ಲಿ ವೇಳಾಪಟ್ಟಿ ಬರೆದ ಅಭ್ಯಾಸವುಳ್ಳವರೆಂದು ಸಭೆಯ ಹಿರಿಯರು ಅದನ್ನು ನಮಗೆ ಒಪ್ಪಿಸಿದ್ದರು. ಒಂದು ವರ್ಷ ಪಟ್ಟಿಯನ್ನು ಬರೆದು ಗುಡಿಯ ಬಾಗಿಲಿನಲ್ಲಿ ಅಂಟಿಸಿದೆವು. ಆ ಭಾನುವಾರ ಆರಾಧನೆಯಾದ ಮೇಲೆ ಹೆಂಗಸೊಬ್ಬರು ಬಳಿಗೆ ಬಂದರು. ಅವರ ಯಜಮಾನರು ಕಟ್ಟುತ್ತಿರುವ ಮನೆಯೊಂದರ ಕಾವಲುಗಾರರು. ತಾವು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಇರುವುದು ಒಂದೇ ಕೋಣೆ, ಮೇಲೆ ತಗಡು.

"ಮೇಷ್ಟ್ರೇ, ಈ ಸಲಾನೂ ನಮ್ಮ ಮನೆ ಇಲ್ವಲ್ಲ?" ಎಂದರು.

"ಎಲ್ಲರಿಗೂ ಕೂರುವುದಕ್ಕೆ ಜಾಗ ಸಾಲದಲ್ಲಮ್ಮ, ನಿಮಗೇಕೆ ತೊಂದರೆ ಎಂದು," ಎಂದು ನಾವು ಹೇಳಿದೆವು.

"ಜಾಗ ಸಾಲ್ದು ಅಂತ ನೀವೇ ಅಂದ್ಕೊಂಡ್ರಿ, ಮೇಷ್ಟ್ರೇ. ನಮ್ಮನ್ನ ಒಂದು ಮಾತು ಕೇಳ್ಲಿಲ್ಲ."

ಅಷ್ಟು ಹೇಳಿ, ಮಗುವಿನ ಕೈ ಹಿಡಿದುಕೊಂಡು ಹೊರಟುಹೋದರು. ನಾವು ಮನೆಗೆ ಬಂದು ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆವು. ಮೂವತ್ತಮೂರು ಸಂಜೆ, ಮೂವತ್ತೊಂದು ಮನೆ. ಎಲ್ಲರಿಗೂ ಸರದಿ ಕೊಟ್ಟರೂ ಎರಡು ಸಂಜೆ ಮಿಗಬೇಕು. ಆದರೆ ನಮ್ಮ ಪಟ್ಟಿಯಲ್ಲಿ ಐದು ದೊಡ್ಡ ಮನೆಗಳಿಗೆ ಎರಡೆರಡು ಸಂಜೆ. ಮೂರು ಮನೆಗಳಿಗೆ ಒಂದೂ ಇಲ್ಲ. ಒಂದು ವರ್ಷದ ಮರೆವಲ್ಲ, ವರ್ಷವರ್ಷವೂ ಅದೇ ಮೂರು ಮನೆ. ದುರುದ್ದೇಶದಿಂದ ಬಿಟ್ಟುದಲ್ಲ, ಕೇಸರಿಭಾತಿನ ಖರ್ಚಿಗೆ ಅವರನ್ನು ಗುರಿಮಾಡಬಾರದೆಂಬ ಕರುಣೆಯಿಂದಲೇ ಬಿಟ್ಟುದು. ಆ ಕರುಣೆಯೇ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು.

ಪ್ರವಾದಿಯಾದ ಯೆಶಾಯನು ಉಪವಾಸವನ್ನು ಕುರಿತು ಹೇಳಿರುವುದನ್ನು ಈ ಕಾಲದಲ್ಲಿ ಪ್ರತಿವರ್ಷವೂ ಓದುವುದುಂಟು. ತಲೆಬಾಗಿಸಿ ಬೂದಿಯಲ್ಲಿ ಕೂರುವುದು ದೇವರಿಗೆ ಬೇಕಾದ ಉಪವಾಸವಲ್ಲ, ಹಸಿದವನೊಡನೆ ಅನ್ನವನ್ನು ಹಂಚಿಕೊಳ್ಳುವುದೇ ಉಪವಾಸ ಎಂಬುದು ಅದರ ತಾತ್ಪರ್ಯ. ನಾವು ಅದನ್ನು ದಾನದ ಉಪದೇಶವೆಂದು ತಿಳಿದಿದ್ದೆವು. ಇರುವವನು ಕೊಡುತ್ತಾನೆ, ಇಲ್ಲದವನು ತೆಗೆದುಕೊಳ್ಳುತ್ತಾನೆ. ಅಲ್ಲಿಗೆ ಧರ್ಮ ಮುಗಿಯಿತು. ಇಲ್ಲದವನಿಗೂ ಕೊಡುವ ಆಸೆ ಇರುತ್ತದೆ, ಅವನ ಕೈಯಿಂದ ತೆಗೆದುಕೊಳ್ಳದಿರುವುದೂ ಒಂದು ಅನ್ಯಾಯ ಎಂಬುದು ನಮ್ಮ ಓದಿಗೆ ಹೊಳೆದಿರಲಿಲ್ಲ. ಪವಿತ್ರ ಗುರುವಾರದಂದು ಓದುವ ಕಥೆಯಲ್ಲಿ ಗುರು ಶಿಷ್ಯರ ಪಾದಗಳನ್ನು ತೊಳೆಯಲು ಬಾಗುತ್ತಾನೆ. ಪೇತ್ರನು ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಅದು ಪೇತ್ರನ ವಿನಯವೆಂದು ನಾವು ಬಹುಕಾಲ ಭಾವಿಸಿದ್ದೆವು. ತೆಗೆದುಕೊಳ್ಳಲು ಒಪ್ಪದವನ ಬಿಗುಮಾನವೂ ಅದರಲ್ಲಿ ಸೇರಿತ್ತೆಂದು ಈಗ ತೋರುತ್ತದೆ.

ಪಟ್ಟಿಯನ್ನು ಕಿತ್ತು ಹೊಸದಾಗಿ ಬರೆದೆವು. ಸಭಾಪಾಲಕರಿಗೆ ನಡೆದುದನ್ನು ತಿಳಿಸಲು, ಇನ್ನು ಮುಂದೆ ಯಾವ ಮನೆಯಲ್ಲಾದರೂ ಕೊಡತಕ್ಕದ್ದು ಒಂದು ಲೋಟ ಕಾಫಿ ಮಾತ್ರವೆಂದು ಅವರು ಗುಡಿಯಲ್ಲಿ ಹೇಳಿದರು. ಕೆಲವು ಗೃಹಿಣಿಯರಿಗೆ ಇದು ಹಿಡಿಸಲಿಲ್ಲ. ಒಂದೆರಡು ಮನೆಯವರು ಕೆಲವು ದಿನ ನಮ್ಮೊಡನೆ ಬಿಗಿಯಾಗಿಯೇ ಇದ್ದರು. ಅದೂ ನ್ಯಾಯವೇ.

ಆ ಒಂದು ಕೋಣೆಯ ಮನೆಗೆ ಹೋದ ಸಂಜೆ ಜಾಗ ಸಾಲಲಿಲ್ಲ. ಆ ಮಾತಿನಲ್ಲಿ ನಾವು ಹೇಳಿದ್ದುದು ನಿಜ. ಮುದುಕರೂ ಮಕ್ಕಳೂ ಒಳಗೆ ಕುಳಿತರು. ಉಳಿದವರು ಅಂಗಳದಲ್ಲಿ, ಮರಳಿನ ರಾಶಿಯ ಪಕ್ಕದಲ್ಲಿ ಕುಳಿತೆವು. ಎದುರುಮನೆಯ ಮುಸಲ್ಮಾನರು ಆ ಹೊತ್ತಿಗೆ ತಮ್ಮ ಉಪವಾಸವನ್ನು ಮುಗಿಸಿ ಹೊರಗೆ ಬಂದವರು, ಜನರನ್ನು ಕಂಡು, ಕೇಳದೆಯೇ ಎರಡು ಚಾಪೆಗಳನ್ನು ತಂದು ಹಾಸಿ ಹೋದರು. ಪಠನಕ್ಕೆ ಬೆಳಕು ಸಾಲದೆಂದು ಪಕ್ಕದ ಮನೆಯವರು ತಮ್ಮ ಜಗಲಿಯ ದೀಪವನ್ನು ಹಾಕಿದರು. ಪ್ರಾರ್ಥನೆಯಾದ ಮೇಲೆ ಕಾಫಿ ಬಂದಿತು. ಲೋಟಗಳು ಸಾಲದೆ ಎರಡು ಸಲ ತೊಳೆದು ಕೊಟ್ಟರು. ನಮಗೆ ಕೊಟ್ಟಾಗ ಆಕೆ ಏನನ್ನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಕಾಫಿಗೆ ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.

ಸಭೆಯ ಸರದಿಪಟ್ಟಿಯನ್ನು ಈಗಲೂ ನಾವೇ ಬರೆಯುತ್ತೇವೆ. ಬೂದಿ ಬುಧವಾರಕ್ಕೆ ಎರಡು ವಾರ ಮೊದಲು ಮೂವತ್ತೊಂದು ಮನೆಗಳಿಗೂ ಹೋಗಿ, ನಿಮಗೆ ಯಾವ ದಿನ ಅನುಕೂಲ ಎಂದು ಕೇಳಿ, ಆಮೇಲೆ ಬರೆಯುತ್ತೇವೆ. ಮಿಗುವ ಎರಡು ಸಂಜೆಗಳಿಗೆ ಚೀಟಿ ಎತ್ತುವುದೆಂದು ತೀರ್ಮಾನವಾಗಿದೆ. ಮನೆಮನೆಗೆ ನಡೆಯಲು ಒಂದು ವಾರ ಹಿಡಿಯುತ್ತದೆ. ನಮ್ಮ ಮಟ್ಟಿಗೆ ಆ ವರ್ಷದ ವ್ರತ ಅಲ್ಲಿಯೇ ಆರಂಭವಾಗಿಬಿಡುತ್ತದೆ.