ಹಸಿರುಮನೆ: ಮಾತು ಒಂದು, ಅರ್ಥ ಎರಡು

(ಬೆಳ್ಳಿಹಬ್ಬದ ಕೃಷಿ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಗ್ರೀನ್‌ಹೌಸಿಗೆ ಸಂಘದಲ್ಲಿ ಸಾಲ ಸಿಗುತ್ತದಾ ಎಂದು ಕೇಳುವವರು ಈಗ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಇದ್ದಾರೆ. ಸಾಲದ ಮಾತಿಗೆ ಮೊದಲು ಈ ಶಬ್ದದ ಅರ್ಥ ನೋಡುವ.

ಕನ್ನಡದಲ್ಲಿ ಇದು ಹಸಿರುಮನೆ. ಹಸಿರು ಬಣ್ಣ ಬಳಿದ ಮನೆಯಲ್ಲ. ಒಳಗಿನ ಗಿಡ ಚಳಿಯಲ್ಲೂ ಹಸಿರಾಗಿರಲಿ ಎಂದು ಕಟ್ಟಿದ್ದು. ಹಿಮ ಬೀಳುವ ದೇಶದವರು ಗಾಜಿನ ಮಾಡು, ಗಾಜಿನ ಗೋಡೆ ಹಾಕಿದರು. ಬಿಸಿಲು ಒಳಗೆ ಬರುತ್ತದೆ, ಬಿಸಿಯಾದ ಗಾಳಿ ಹೊರಗೆ ಹೋಗುವುದಿಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಯೂ ಆ ವಂಶದ್ದೇ. ಈಗ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ, ಅದು ಪಾಲಿಹೌಸ್. ಹಾಗೆ ಕಂಡರೆ, ಅಡಿಕೆ ಒಣಗಿಸಲು ನಾವು ಅಂಗಳದಲ್ಲಿ ಪ್ಲಾಸ್ಟಿಕ್ ಹೊದೆಸಿ ಕಟ್ಟುವ ಗೂಡೂ ಹಸಿರುಮನೆಯ ತಮ್ಮನೇ!

ಪೇಪರಿನಲ್ಲಿ ಬರುವ 'ಹಸಿರುಮನೆ ಅನಿಲ' ಬೇರೆ ಸಂಗತಿ. ಅಲ್ಲಿ ಮನೆಯೂ ಇಲ್ಲ, ಗಾಜೂ ಇಲ್ಲ. ಭೂಮಿಯಿಂದ ಹೊರಡುವ ಶಾಖವನ್ನು ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದವು ಹೀರಿ, ಒಂದು ಪಾಲನ್ನು ತಿರುಗಿ ಕೆಳಗೇ ಕಳುಹಿಸುತ್ತವೆ. ಇವು ಇಲ್ಲವೇ ಇಲ್ಲ ಎಂದಾದರೆ ಭೂಮಿ ಹೆಪ್ಪುಗಟ್ಟುತ್ತಿತ್ತು; ಅತಿಯಾದದ್ದೇ ಈಗಿನ ತೊಂದರೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಹಿಂದೆ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನೀರು ನಿಂತ ಗದ್ದೆಯಿಂದಲೂ ಮೀಥೇನ್ ಬರುತ್ತದೆ, ಹೌದು. ಆದರೆ ದೊಡ್ಡ ಪಾಲು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸುವುದರದ್ದು. ಪಾಲಿಹೌಸ್ ಕಟ್ಟಿದರೆ ಆ ಅನಿಲ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಹೆಸರು ಒಂದೇ ಆದದ್ದರಿಂದ ಬಂದ ಗೊಂದಲ ಅದು.

ಇನ್ನು ನಮ್ಮ ವಿಷಯ. ಚಳಿದೇಶದವರಿಗೆ ಬೇಕಾದದ್ದು ಬಿಸಿ. ನಮಗೆ ಎಂತಕ್ಕೆ ಬಿಸಿ ಮಾರಾಯ್ರೆ? ಎಪ್ರಿಲ್ ಸೆಕೆಯಲ್ಲಿ ಹೊರಗೇ ಕೂರಲಿಕ್ಕಾಗುವುದಿಲ್ಲ. ಕರಾವಳಿಯಲ್ಲಿ ಮಾಡು ಬೇಕಾದದ್ದು ಜೂನ್‌ನಿಂದ ಹೊಡೆಯುವ ಮಳೆ ತಡೆಯಲಿಕ್ಕೆ. ಹಾಗಾಗಿ ಮಾಡು ಎತ್ತರವಿರಬೇಕು, ಗಾಳಿಯಾಡಲು ಬದಿ ತೆರೆದಿರಬೇಕು, ಮಳೆಗಾಲದ ಗಾಳಿಗೆ ಹಾಳೆ ಹಾರದಂತೆ ಬಿಗಿಯಬೇಕು. ಸಸಿ ಮಡಿಗೆ, ಆಂಥೂರಿಯಂನಂಥ ನೆರಳಿನ ಗಿಡಕ್ಕೆ, ಬಲೆ ಹೊದೆಸಿದ ನೆರಳುಮನೆಯೇ ಎಷ್ಟೋ ಸಲ ಸಾಕು, ಖರ್ಚೂ ಕಡಿಮೆ. ಘಟ್ಟದ ಮೇಲಿನ ಒಣ ಊರಿನ ನಕ್ಷೆಯನ್ನೇ ತಂದು ಇಲ್ಲಿ ನಿಲ್ಲಿಸಿದರೆ ಗಿಡ ಬೇಯುತ್ತದೆ, ಬೆಳೆಯುವುದು ಬಡ್ಡಿ ಮಾತ್ರ. ಹಾಳೆಯನ್ನು ಕೆಲವೇ ವರ್ಷಕ್ಕೆ ಬದಲಿಸಬೇಕು; ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಈಗಾಗಲೇ ಕಟ್ಟಿದವರಲ್ಲಿಗೆ ಹೋಗಿ, ಸೆಕೆಗಾಲದ ಮಧ್ಯಾಹ್ನ ಒಳಗೆ ಹತ್ತು ನಿಮಿಷ ನಿಂತು ಕಾಣಿ. ಅರ್ಜಿ ಫಾರಂ ಕಾರ್ಯದರ್ಶಿಯವರ ಹತ್ತಿರ ಇದೆ, ಅದೇನೂ ಓಡಿಹೋಗುವುದಿಲ್ಲ.